ಓದದೆ ಕೊಟ್ಟ ಉತ್ತರ

ರಾಜಾರಾಮನ ಫೋನಿಗೆ ಇಂಗ್ಲಿಷ್ ಬರುತ್ತಿತ್ತು, ಹಿಂದಿ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು. ಬಾರದೆ ಇದ್ದದ್ದು ಕನ್ನಡ ಒಂದೇ. ಯಾರಾದರೂ ಕನ್ನಡದಲ್ಲಿ ಬರೆದು ಕಳಿಸಿದರೆ ಅಕ್ಷರ ಇರಬೇಕಾದಲ್ಲಿ ಸಣ್ಣ ಸಣ್ಣ ಖಾಲಿ ಚೌಕಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಕಲ್ಲು ನೆಟ್ಟು ಬಿಟ್ಟ ಪ್ಲಾಟುಗಳ ಹಾಗೆ.

ಇದು 2013ರ ಮಾತು. ರಾಜಾರಾಮ ಚಿಕ್ಕೋಡಿಯ ಒಂದು ಸೊಸೈಟಿಯಲ್ಲಿ ಕ್ಲಾರ್ಕು. ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಟಚ್ ಫೋನು ತಂದವನು ಅವನೇ. ನಿಪ್ಪಾಣಿಗೆ ಹೋಗಿ, ಎರಡು ಅಂಗಡಿ ಸುತ್ತಿ, ಇದ್ದುದರಲ್ಲಿ ದೊಡ್ಡ ಪರದೆಯದನ್ನೇ ಆರಿಸಿಕೊಂಡು ಬಂದಿದ್ದ. ಅಂಗಡಿಯಲ್ಲಿ ಕನ್ನಡ ಬರುತ್ತದೆಯೇ ಎಂದು ಕೇಳಲು ಅವನಿಗೆ ಹೊಳೆದಿರಲಿಲ್ಲ. ಎಮ್ಮೆ ಕೊಳ್ಳುವಾಗ ಹುಲ್ಲು ತಿನ್ನುತ್ತದೆಯೇ ಎಂದು ಯಾರು ಕೇಳುತ್ತಾರೆ?

ಚೌಕಗಳು ಕಂಡ ಮೇಲೆ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ. ಆ ಕಡೆಯ ಹುಡುಗಿ ಹಿಂದಿಯಲ್ಲಿ ಬಹಳ ಸಮಾಧಾನದಿಂದ, ಈ ಮಾಡೆಲಿನಲ್ಲಿ ಕನ್ನಡ ಇಲ್ಲ, ಆದರೆ ನಿಮ್ಮ ಭಾಗದಲ್ಲಿ ಮರಾಠಿ ನಡೆಯುತ್ತದಲ್ಲ ಸಾರ್, ಎಂದಳು. ನಡೆಯುತ್ತದೆ ಎಂದು ರಾಜಾರಾಮ ಒಪ್ಪಿಕೊಂಡು ಇಟ್ಟುಬಿಟ್ಟ. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡ್ ಎದುರಿಗೆ ಕಾಸಿಮಸಾಬರ ಗಡಿಯಾರ ರಿಪೇರಿ ಅಂಗಡಿ. ಗಡಿಯಾರ ಕಟ್ಟುವವರು ಕಡಿಮೆಯಾದಂತೆ ಅಂಗಡಿಯ ಮುಕ್ಕಾಲು ಪಾಲು ಮಗ ಅರ್ಮಾನನ ಮೊಬೈಲ್ ರಿಪೇರಿಗೆ ಹೋಗಿ, ಕಾಸಿಮಸಾಬರಿಗೆ ಮೂಲೆಯ ಒಂದು ಮೇಜು ಉಳಿದಿತ್ತು. ರಾಜಾರಾಮ ಅಲ್ಲಿಗೆ ಹೋಗಿ ಫೋನು ತೋರಿಸಿದ. ಅರ್ಮಾನ ಕೈಗೆ ತೆಗೆದುಕೊಳ್ಳದೆ, ಬಗ್ಗಿ ನೋಡಿಯೇ ಹೇಳಿದ:

“ಕಾಕಾ, ಕನ್ನಡ ಅಂದ್ರ ಒಂದ ಸಣ್ಣ ಫೈಲ್ ರಿ. ನನ್ನ ಕಡೆ ಐತಿ. ಆದ್ರ ಅದನ್ನ ಇಡೂ ಜಾಗಾಕ್ಕ ಕಂಪನಿಯವ್ರು ಕೀಲಿ ಜಡದಾರ.”

“ಫೋನ್ ನಂದು, ಕೀಲಿ ಅವರದಾ?”

“ಹಂಗ ಅನ್ನರಿ. ಮನಿ ನೀವು ತಗೊಂಡ್ರಿ, ಒಂದ ಖೋಲಿ ಅವ್ರು ಬಿಟ್ಟ ಕೊಡಲಿಲ್ಲ.”

“ತೆಗೀಲಿಕ್ಕೆ ಬರೂದಿಲ್ಲೇನ?”

“ಬರ್ತೈತ್ರಿ. ತೆಗೆದ್ರ ವಾರಂಟಿ ಹೋತು. ನಾಳಿಗಿ ಏನರ ಕೆಟ್ರ ಸರ್ವಿಸ್ ಸೆಂಟರಿನವ್ರು ಕೈಲೆ ಸೈತ ಮುಟ್ಟೂದಿಲ್ಲ. ಮದ್ಲ ಹೇಳಿರತೀನಿ.”

ಮೂಲೆಯಿಂದ ಕಾಸಿಮಸಾಬರು ಕಣ್ಣಿಗೆ ಸಿಕ್ಕಿಸಿದ ಗಾಜು ತೆಗೆಯದೆಯೇ ನಕ್ಕರು. “ಗಡಿಯಾರಕ್ಕ ಇಂಥ ಕೀಲಿ ಇದ್ದಿದ್ರ ಈ ಅಂಗಡಿನ ಇರತಿದ್ದಿಲ್ಲ ನೋಡ್ರಿ.”

ವಾರಂಟಿ ಎಂಬ ಮಾತಿಗೆ ರಾಜಾರಾಮ ಹಿಂದೆ ಸರಿದ. ಉಗಾರ ಬುದ್ರುಕದಲ್ಲಿ ಬೌದ್ಧರಾದ ದಲಿತರ ಕೇರಿಯಿಂದ ಬಂದು, ಮೇಲಿನವರು ಹಾಕಿದ ಗೆರೆ ದಾಟದೆ, ಹೇಳಿದಲ್ಲಿ ಸಹಿ ಮಾಡಿ, ಕರೆದಾಗ ಎದ್ದು ನಿಂತು ಇಲ್ಲಿಯವರೆಗೆ ಬಂದವನು ಅವನು. ಅಂಥವನಿಗೆ ಕಂಪನಿ ಹಾಕಿದ ಕೀಲಿ ಎಂದರೆ ಸಣ್ಣ ಸಂಗತಿಯಲ್ಲ.

“ಬ್ಯಾಡಪಾ. ಹಾಕ್ಯಾರಂದ್ರ ಏನೋ ಕಾರಣಕ್ಕ ಹಾಕಿರತಾರ. ವಾರಂಟಿ ಮುಗೀಲಿ, ನೋಡೂನು,” ಎಂದು ಫೋನನ್ನು ಕಿಸೆಗೆ ಇಳಿಸಿದ.

ಹಾಗೆಯೇ ನಡೆಯುತ್ತಲೂ ಇತ್ತು. ಆಗ ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಕಳಿಸುತ್ತಿದ್ದರು. ಚೌಕಗಳು ಬರುತ್ತಿದ್ದದ್ದು ಒಬ್ಬನಿಂದ ಮಾತ್ರ. ಅವನು ಪಾರಿಸ. ಉಗಾರದ ಜೈನರ ಮನೆಯ ಹುಡುಗ, ರಾಜಾರಾಮನ ಜೊತೆ ಹೈಸ್ಕೂಲು ಮುಗಿಸಿದವನು, ಈಗ ಅದೇ ಊರಲ್ಲಿ ಕನ್ನಡ ಮಾಸ್ತರ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದೆಂದರೆ ತಲೆಯ ರುಮಾಲನ್ನು ಕಾಲಿಗೆ ಸುತ್ತಿಕೊಂಡ ಹಾಗೆ ಎಂದು ವಾದ ಮಾಡುತ್ತಿದ್ದ.

‘ನನ್ನ ಫೋನಿನಲ್ಲಿ ಕನ್ನಡ ಕಾಣುವುದಿಲ್ಲ’ ಎಂದು ಅವನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಳೆಯ ಸಹಪಾಠಿಗಳೆಲ್ಲ ವಾಟ್ಸ್ಯಾಪ್ ಗುಂಪು ಕಟ್ಟಿಕೊಂಡಾಗ, ‘ನಂದು ಎಲ್ಲಾ ಭಾಷಾದ ಫೋನು’ ಎಂದು ಮೊದಲು ಜಂಬ ಕೊಚ್ಚಿದವನು ರಾಜಾರಾಮನೇ. ಗುಂಪಿನ ಯಜಮಾನ ರಾಯಬಾಗದ ದಾದಾಸಾಹೇಬ. ಅವನ ನಾಲಿಗೆಗೆ ಸಿಕ್ಕವರು ಆರು ತಿಂಗಳು ಬಿಡುಗಡೆ ಕಾಣುತ್ತಿರಲಿಲ್ಲ. ಹಾಗಾಗಿ ಪಾರಿಸನ ಚೌಕಗಳು ಬಂದಾಗಲೆಲ್ಲ ರಾಜಾರಾಮ ಕೈಮುಗಿದ ಚಿತ್ರವನ್ನೋ, ಹೆಬ್ಬೆರಳು ಎತ್ತಿದ ಚಿತ್ರವನ್ನೋ, ಒಮ್ಮೊಮ್ಮೆ ಒಂದು ಮರಾಠಿ ಶಬ್ದವನ್ನೋ ಕಳಿಸುತ್ತಿದ್ದ. ಮಾಸ್ತರರು ಕಳಿಸುವುದು ಏನಿರುತ್ತದೆ, ಒಳ್ಳೆಯ ಮಾತು, ಹಬ್ಬದ ಹಾರೈಕೆ. ಅವಕ್ಕೆ ಹೆಬ್ಬೆರಳು ಸಾಕು.

ಶ್ರಾವಣ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಗುಂಪಿನಲ್ಲಿ ಪಾರಿಸನ ಒಂದು ಫೋಟೋ ಬಂತು. ಅವನ ಮನೆಯ ಮುಂದೆ ಮಾಂಡವದ ಚಪ್ಪರ. ಕಂಬಗಳಿಗೆ ಚೆಂಡುಹೂವು. ಓಣಿಯ ತುಂಬ ಜನ. ಕೆಳಗೆ ಮೂರು ಸಾಲು ಚೌಕಗಳು. ಪಾರಿಸನ ಮಗಳು ಸ್ನೇಹಲಳಿಗೆ ಸಾಂಗಲಿಯ ಕಡೆ ವರ ನೋಡುತ್ತಿದ್ದದ್ದು ರಾಜಾರಾಮನಿಗೆ ಗೊತ್ತಿತ್ತು. ಅವನ ಮುಖ ಅರಳಿತು. ಬರಿಯ ಹೆಬ್ಬೆರಳು ಇಂಥ ಹೊತ್ತಿಗೆ ಸಾಲದು ಎನಿಸಿ, ಫೋನಿಗೆ ಬರುವ ಮರಾಠಿಯಲ್ಲೇ ಬೆರಳಿಟ್ಟು ಬರೆದ: ‘ಖೂಪ್ ಖೂಪ್ ಅಭಿನಂದನ! ಪೇಢೆ ಕಧೀ?’ ತುಂಬಾ ತುಂಬಾ ಅಭಿನಂದನೆ, ಪೇಡೆ ಯಾವಾಗ?

ಕಚೇರಿಗೆ ಹೋಗಿ ಕೂತಿದ್ದ, ದಾದಾಸಾಹೇಬನ ಫೋನು ಬಂತು.

“ಲೇ ರಾಜ್ಯಾ, ತಲಿ ನೆಟ್ಟಗೈತೇನ ನಿಂದು?”

“ಯಾಕಲೇ?”

“ಪೇಢೆ ಬೇಕಾಗ್ಯಾವ ನಿನಗ? ಪಾರಿಸನ ಅವ್ವ ಹೋಗ್ಯಾಳ! ಸಲ್ಲೇಖನ ತಗೊಂಡಿದ್ಳು, ನಸಿಕಿನ್ಯಾಗ ಸಮಾಧಿ ಆತು. ಆ ಮಾಂಡವಾ ಅದಕ್ಕ ಹಾಕಿದ್ದೋ ಮಾರಾಯಾ. ಊರ ಮಂದಿ ಕಣ್ಣೀರ ಹಾಕಾಕತ್ತಾರ, ನೀ ಸಿಹಿ ಕೇಳತಿ!”

ಸಲ್ಲೇಖನ ಏನೆಂದು ಉಗಾರದಲ್ಲಿ ಬೆಳೆದವನಿಗೆ ಹೇಳಬೇಕಾಗಿರಲಿಲ್ಲ. ದೇಹ ಪೂರಾ ಸೋತಿತು ಎನಿಸಿದಾಗ ಜೈನರ ಹಿರಿಯರು ಗುರುಗಳ ಅಪ್ಪಣೆ ಪಡೆದು ಅನ್ನ ಬಿಡುತ್ತಾರೆ, ಆಮೇಲೆ ನೀರು ಬಿಡುತ್ತಾರೆ. ಅದಕ್ಕೂ ಮೊದಲು, ಜೀವಮಾನದಲ್ಲಿ ತಾವು ನೋಯಿಸಿದವರನ್ನೆಲ್ಲ ನೆನಪು ಮಾಡಿಕೊಂಡು, ಕರೆಸಿ, ಕ್ಷಮೆ ಕೇಳುತ್ತಾರೆ. ಪಾರಿಸನ ಅವ್ವ ಅಕ್ಕುತಾಯಿ ಹಾಗೆ ಹೋಗಿದ್ದಳು.

ರಾಜಾರಾಮನ ಎದುರಿಗೆ ಗಿರಾಕಿಗಳು ನಿಂತಿದ್ದರು. ಕನ್ನಡ ಕಾಣುವುದಿಲ್ಲ ಎಂದು ಹೇಳಿದರೆ ಮುಗಿಯಿತು. ಅದರ ಜೊತೆ ಎಲ್ಲಾ ಭಾಷೆಯ ಫೋನೂ ಹೋಗುತ್ತದೆ, ಇಷ್ಟು ತಿಂಗಳು ಎತ್ತಿದ ಹೆಬ್ಬೆರಳುಗಳೂ ಬಯಲಾಗುತ್ತವೆ. ಬಾಯಿ ತಾನಾಗಿ ಬೇರೆ ದಾರಿ ಹಿಡಿಯಿತು.

“ಫೋನ್ ನನ್ನ ಕಡೆ ಇರಲಿಲ್ಲಪಾ. ರಿಪೇರಿಗೆ ಕೊಟ್ಟಿದ್ದೆ. ಆ ಹುಡುಗ ಏನೋ ಒತ್ತಿರಬೇಕು.”

“ಯಾವ ಹುಡುಗ?”

“ಅದ... ಅರ್ಮಾನ.”

“ಬಸ್‌ಸ್ಟ್ಯಾಂಡ್ ಮುಂದಿನ ಕಾಸಿಮಸಾಬನ ಮಗಾ? ಗಿರಾಕಿ ಫೋನಿನ್ಯಾಗ ಕೂತು ಚಾಷ್ಟಿ ಮಾಡತಾನಾ? ತಡಿ ಅವಗ.”

“ಬ್ಯಾಡ ಬಿಡಲೇ, ಸಣ್ಣ ಹುಡುಗ...” ಎಂದು ರಾಜಾರಾಮ ಹೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ತಿರುಗಿ ಹಚ್ಚಬಹುದಿತ್ತು. ಹಚ್ಚಲಿಲ್ಲ. ಎದೆಯ ಮೇಲಿನ ಭಾರ ಒಂದಿಷ್ಟು ಇಳಿದ ಹಾಗೆ ಆಗಿತ್ತು. ಅದು ಇಳಿದದ್ದು ಬೇರೆಯವರ ಹೆಗಲಿಗೆ ಎಂಬುದನ್ನು ಆ ಹೊತ್ತಿಗೆ ನೋಡಲು ಮನಸ್ಸಾಗಲಿಲ್ಲ. ಅಕ್ಕುತಾಯಿಯ ಅಂತ್ಯಕ್ರಿಯೆಗೂ ಹೋಗಲಿಲ್ಲ. ಜ್ವರ ಎಂದು ಹೆಂಡತಿ ನೀಲಮಳಿಗೆ ಹೇಳಿ ಹೊದ್ದು ಮಲಗಿದ.

ರಿಪೇರಿ ಅಂಗಡಿಗೆ ಜನ ಫೋನು ಕೊಡುವುದು ನಂಬಿಕೆಯ ಮೇಲೆ. ಅದರೊಳಗೆ ಹೆಂಡತಿಯ ಫೋಟೋ ಇರುತ್ತದೆ, ಮಗಳ ನಂಬರು ಇರುತ್ತದೆ. ಆ ಹುಡುಗ ಗಿರಾಕಿಗಳ ಫೋನು ತೆರೆದು ಓದುತ್ತಾನಂತೆ, ಅವರ ಹೆಸರಲ್ಲಿ ಬರೆಯುತ್ತಾನಂತೆ ಎಂಬ ಸುದ್ದಿ ದಾದಾಸಾಹೇಬನ ಕೈಯಿಂದ ಹೊರಟು ಚಿಕ್ಕೋಡಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಬಾಯಿಂದ ಬಾಯಿಗೆ ಹೋಗುತ್ತ ಅದಕ್ಕೆ ಕೈಕಾಲು ಬಂದವು. ಹೆಸರು ಅರ್ಮಾನ ಎಂದಿದ್ದದ್ದೂ ಕೆಲವರಿಗೆ ಅನುಕೂಲವಾಯಿತು. ಹೆಣ್ಣುಮಕ್ಕಳು ಮೊದಲು ಬಂದು ತಮ್ಮ ಫೋನು ವಾಪಸು ಒಯ್ದರು. ಆಮೇಲೆ ಉಳಿದವರು.

ಸೊಸೈಟಿಯ ಸಿಪಾಯಿ ಬಾಳಾಸಾಬ ಚಹಾ ಇಡುತ್ತ ರಾಜಾರಾಮನಿಗೇ ಬುದ್ಧಿ ಹೇಳಿದ: “ಸಾಹೇಬ್ರ, ಆ ಬಸ್‌ಸ್ಟ್ಯಾಂಡ್ ಅಂಗಡ್ಯಾಗ ಫೋನ್ ಗೀನ್ ಕೊಡಬ್ಯಾಡ್ರಿ ಮತ್ತ. ಯಾರೋ ಸತ್ತವರ ಮನಿಗೆ ಪೇಢೆ ಕೇಳಿದ್ನಂತ, ಹಲ್ಕಟ್.”

ರಾಜಾರಾಮ ಅಂದಿನಿಂದ ಬಸ್‌ಸ್ಟ್ಯಾಂಡ್ ಕಡೆಯ ದಾರಿ ಬಿಟ್ಟು, ಸಂತೆಯ ಹಿಂದಿನಿಂದ ಸುತ್ತು ಹಾಕಿ ಮನೆಗೆ ಹೋಗತೊಡಗಿದ. ಆದರೆ ಊರು ಸಣ್ಣದು. ಒಂದು ಸಂಜೆ ಸಂತೆಯಲ್ಲೇ ಕಾಸಿಮಸಾಬರು ಎದುರಾದರು. ಕೈಯಲ್ಲಿ ಮೆಂತ್ಯ ಸೊಪ್ಪಿನ ಸೂಡು.

“ರಾಜಾರಾಮ ಸಾಹೇಬ್ರ, ಒಂದ ಮಾತ ಕೇಳಲ್ರಿ? ರಾಯಬಾಗದವರು ಒಬ್ರು ನಿಮ್ಮ ಹೆಸರ ಹೇಳಿ ಫೋನಿನ್ಯಾಗ ಬೈದ್ರು. ನನಗ ಮರವು ಭಾಳ ಆಗೈತಿ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗ ನಿಮ್ಮ ಫೋನ್ ಯಾವಾಗ ತಗೊಂಡಿದ್ದ?”

ಕೇಳಿದ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ತನ್ನ ಮಗನೇ ತನಗೆ ಸುಳ್ಳು ಹೇಳುತ್ತಿರಬಹುದೇ ಎಂಬ ಹೆದರಿಕೆ ಆ ಮುದುಕನ ಕಣ್ಣಲ್ಲಿತ್ತು. ಅದನ್ನು ನೋಡಿ ರಾಜಾರಾಮನಿಗೆ ನೆಲ ನೋಡುವುದೂ ಕಷ್ಟವಾಯಿತು.

“ತಗೊಂಡಿಲ್ರಿ,” ಎಂದ. “ಮುಟ್ಟೂ ಇಲ್ಲ ಅಂವ. ನಡೀರಿ, ಅಂಗಡಿಗೆ ಹೋಗೂನು.”

ಅಂಗಡಿಯಲ್ಲಿ ಅರ್ಮಾನ ಒಬ್ಬನೇ ಕೂತು ಸ್ಕ್ರೂ ಡ್ರೈವರುಗಳನ್ನು ಒರೆಸಿ ಒರೆಸಿ ಇಡುತ್ತಿದ್ದ. ಕೆಲಸ ಇಲ್ಲದ ಕೈ ಹಾಗೆ ಮಾಡುತ್ತದೆ. ರಾಜಾರಾಮ ನಿಂತಲ್ಲೇ ಎಲ್ಲ ಹೇಳಿದ. ಫೋಟೋ, ಚೌಕ, ಪೇಡೆ, ಸುಳ್ಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು.

ಅರ್ಮಾನ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ನಮ್ಮ ಅಮ್ಮಾಗ ಹಾದಿಮ್ಯಾಲ ಮಂದಿ ಕೇಳಾಕತ್ತಾರ್ರಿ ಕಾಕಾ,” ಎಂದ. “ಇಂಥವ್ನ ಹಡದಿಯೇನು ಹಾಜಿರಾಬಿ ಅಂತ. ಮನಿ ಬಿಟ್ಟು ಹೊರಗ ಬರವಲ್ಳು.”

“ಏನ ಕೊಡ್ಲಿ ಹೇಳು. ಆದ ಲುಕ್ಸಾನ...”

“ಏನ ಕೊಡತೀರಿ? ಆ ಗ್ರೂಪಿನ್ಯಾಗ ಬರೀರಿ. ಎಲ್ಲಿ ಹೆಸರ ಕೆಡಿಸೀರಿ ಅಲ್ಲೇ ಬರೀರಿ. ನಿಮ್ಮ ಹೆಸರಲೆ.”

“ಬರೀತೀನಿ. ಮದ್ಲ ಪಾರಿಸಗ ಬಾಯಿಲೆ ಹೇಳಬೇಕು. ಎರಡ ದಿನ ಕೊಡು.” ಕಿಸೆಯಿಂದ ಫೋನು ತೆಗೆದು ಮೇಜಿನ ಮೇಲೆ ಇಟ್ಟ. “ಇದರ ಕೀಲಿ ತೆಗಿ. ವಾರಂಟಿ ಸುಡ್ಲಿ.”

ಅರ್ಮಾನ ತಂದೆಯ ಮುಖ ನೋಡಿದ. ಕಾಸಿಮಸಾಬರು ತಲೆಯಾಡಿಸಿದರು. “ತೆಗಿ. ಆದ್ರ ಅವರ ಕಣ್ಣಮುಂದ ತೆಗಿ. ಕೂಡ್ರಿಸಿಕೊಂಡ ತೆಗಿ.”

ಕೇಬಲ್ಲು ಚುಚ್ಚುತ್ತ ಅರ್ಮಾನ ಎಚ್ಚರಿಸಿದ: “ಒಮ್ಮೊಮ್ಮೆ ಹಳೇದೆಲ್ಲಾ ಅಳಿಸಿ ಹೋಗ್ತೈತ್ರಿ. ಮೆಸೇಜು, ಫೋಟೋ, ಎಲ್ಲಾ. ನಡೀತೈತೇನ?”

“ನಡೀತೈತಿ,” ಎಂದ ರಾಜಾರಾಮ. ಒಳಗೊಳಗೆ, ಅಳಿಸಿಯೇ ಹೋಗಲಿ ಎಂದುಕೊಂಡ. ಪಾರಿಸನ ಆ ಚೌಕಗಳ ಹಿಂದೆ ಏನಿದೆಯೋ ಅದನ್ನು ನೋಡದೆಯೇ ಕ್ಷಮೆ ಕೇಳಿ ಬಂದುಬಿಡಬಹುದಿತ್ತು.

ಪರದೆ ಕಪ್ಪಾಗಿ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಹೊತ್ತಿತು. ಏನೂ ಅಳಿಸಿರಲಿಲ್ಲ.

ಅಂಗಡಿಯಲ್ಲಿ ತೆರೆದು ನೋಡುವ ಧೈರ್ಯ ಸಾಲಲಿಲ್ಲ. ಮನೆಗೆ ಬಂದು ಫೋನನ್ನು ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋದ. ಬರುವಷ್ಟರಲ್ಲಿ ನೀಲಮ ಅದನ್ನು ಹಿಡಿದುಕೊಂಡು ಕೂತಿದ್ದಳು. ಇಂಗ್ಲಿಷ್ ಅಕ್ಷರ ಅವಳಿಗೆ ಅಷ್ಟಕ್ಕಷ್ಟೇ. ಇಷ್ಟು ದಿನ ಆ ಫೋನನ್ನು ಮುಟ್ಟಿದವಳಲ್ಲ.

“ಅಯ್ಯ, ಕನ್ನಡ ಬಂದೈತಲ್ರಿ! ಎಷ್ಟ ಚಂದ ಕಾಣತೈತಿ. ನಾನೂ ಓದಬೋದು ಇನ್ನ,” ಎಂದು ನಕ್ಕಳು. “ಪಾರಿಸಣ್ಣಾರು ಎಷ್ಟ ಬರದಾರ ನಿಮಗ!”

“ಇಲ್ಲಿ ಕೊಡು.”

“ತಡೀರಿ,” ಎಂದು ಬೆರಳಿಟ್ಟು, ಶಾಲೆಯ ಹುಡುಗಿಯ ಹಾಗೆ ಗಟ್ಟಿಯಾಗಿ ಓದತೊಡಗಿದಳು.

‘ರಾಜಾ, ಅವ್ವ ವ್ರತ ತೆಗೆದುಕೊಳ್ಳುತ್ತಾಳೆ. ಎಲ್ಲರ ಹತ್ತಿರ ಕ್ಷಮಾ ಕೇಳುತ್ತಿದ್ದಾಳೆ. ಮೊದಲು ನಿನ್ನ ಹೆಸರು ಹೇಳಿದಳು. ಆ ಹುಡುಗನ ಲೋಟ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಇಡಿಸಿದ್ದೆ, ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ ಅವನು, ಕರೆಸು ಅಂದಳು. ಫೋನಿನಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಂದು ಹೋಗು.’

ನೀಲಮಳ ದನಿ ನಿಂತಿತು. ಕೆಳಗೆ ರಾಜಾರಾಮನ ಉತ್ತರ ಇತ್ತು: ಕೈಮುಗಿದ ಚಿತ್ರ.

“ಯಾವ ಲೋಟ ರೀ ಅದು?”

ರಾಜಾರಾಮ ಟವೆಲ್ಲಿನಿಂದ ಮುಖ ಒರೆಸುತ್ತಲೇ ಇದ್ದ.

“ಅಡಗಿ ಮನ್ಯಾಗ ಕೂಡಿಸಿಕೊಂಡು ಉಣಸ್ತಿದ್ಳು ಅಂತಿದ್ರಿ. ಪಾರಿಸನ ತಾಟಿನ್ಯಾಗ ಉಂಡೀನಿ ಅಂತಿದ್ರಿ. ನಮ್ಮ ಮನಿ ಕಟ್ಟಿದಾಗ ಆಕಿನ್ನ ಕರದು ನಾನ ಕೈಯಾರೆ ಇಳಕಲ್ ಸೀರಿ ಉಡಿಸಿದ್ದೆ.”

“ಹೊರಗ ಪಡಸಾಲ್ಯಾಗ ಕೂತು ಓದತಿದ್ವಿ,” ಎಂದ ಅವನು. “ತಿನ್ನಾಕ ಕೊಡತಿದ್ಳು. ಖರೇನ ಪ್ರೀತೀಲೆ ಕೊಡತಿದ್ಳು. ಲೋಟ ನಾನ ತೊಳದು ಗೂಡಿನ್ಯಾಗ ಇಡತಿದ್ದೆ. ನಮ್ಮ ಅವ್ವಗ ಹೇಳಾಕ ನಾಚಿಕಿ ಬಂತು, ಸುಳ್ಳ ಹೇಳಿದೆ. ಆಮ್ಯಾಲ ನಿನಗೂ ಅದನ್ನ ಹೇಳಿದೆ.”

ನೀಲಮ ಮುಂದಿನದನ್ನು ಓದಿದಳು, ಈಗ ಮೆಲ್ಲಗೆ.

‘ಅವ್ವ ಬಾಗಿಲ ಕಡೆ ನೋಡುತ್ತಿರುತ್ತಾಳೆ. ಬರಲು ಮನಸ್ಸಿಲ್ಲದಿದ್ದರೆ ಬೇಡ, ಒತ್ತಾಯ ಮಾಡಲು ನನಗೆ ಮುಖ ಇಲ್ಲ. ಕ್ಷಮಾ ಮಾಡಿದ್ದೇನೆ ಅಂತ ಒಂದು ಮಾತು ಕಳಿಸು. ಅವಳಿಗೆ ತಿಳಿಸುತ್ತೇನೆ.’

ಕೆಳಗೆ: ಎತ್ತಿದ ಹೆಬ್ಬೆರಳು.

‘ನಿನ್ನ ಉತ್ತರ ತೋರಿಸಿದೆ. ಫೋನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಇನ್ನೇನೂ ಬಾಕಿ ಉಳಿಯಲಿಲ್ಲ ಅಂದಳು. ಇವತ್ತು ನೀರೂ ಬಿಟ್ಟಳು.’

ಕೆಳಗೆ ರಾಜಾರಾಮ ಮರಾಠಿಯಲ್ಲಿ ಬರೆದಿದ್ದ: ‘ಛಾನ್!’ ಬಹಳ ಚೆನ್ನ.

ನೀಲಮ ಫೋನನ್ನು ಬೋರಲು ಹಾಕಿದಳು.

ಗುಂಪಿನಲ್ಲಿ ಏನು ಬರೆಯಬೇಕಾಗಿದೆ ಎಂಬುದು ಈಗ ರಾಜಾರಾಮನಿಗೆ ಪೂರಾ ಕಂಡಿತು. ಕನ್ನಡ ಕಾಣದೆ ಪೇಡೆ ಕೇಳಿದೆ ಎಂದು ಬರೆದರೆ ಅರ್ಮಾನನ ಹೆಸರು ತೊಳೆಯುತ್ತದೆ. ಅದೇ ಮಾತು ಪಾರಿಸ ಓದುತ್ತಾನೆ. ಓದಿದೊಡನೆ, ತನ್ನ ತಾಯಿ ಹಿಡಿದುಕೊಂಡು ನೋಡಿದ ಕ್ಷಮೆ ಕುರುಡು ಹೆಬ್ಬೆರಳು ಎಂದು ಅವನಿಗೆ ತಿಳಿಯುತ್ತದೆ. ಬರೆಯದೆ ಇದ್ದರೆ ಪಾರಿಸನ ಸಮಾಧಾನ ಉಳಿಯುತ್ತದೆ. ಹಾಜಿರಾಬಿ ಮನೆಯೊಳಗೇ ಇರುತ್ತಾಳೆ.

“ಏನರ ಬ್ಯಾರೆ ನೆವ ಹೇಳಲೇನ?” ಎಂದ. “ಕಣ್ಣಾಗ ಔಷಧ ಹಾಕಿದ್ರು, ಕಾಣಲಿಲ್ಲ, ಹಿಂಗ ಏನರ.”

“ಇನ್ನೂ ಒಂದ ಸುಳ್ಳ?” ನೀಲಮ ಎದ್ದಳು. “ಆಕಿ ಹೋಗ್ಯಾಳ. ಆ ಹುಡುಗ ಬದುಕ್ಯಾನ. ಬದುಕಿದವರಿಂದ ಸುರು ಮಾಡ್ರಿ.” ಒಲೆಯ ಕಡೆ ಹೋದವಳು ತಿರುಗಿ ಹೇಳಿದಳು: “ಮತ್ತ ನನಗ ಹೇಳಿದ್ದಕ್ಕ ನಾ ಆಮ್ಯಾಲ ಕೇಳತೀನಿ.”

ಮರುದಿನ ರಜೆ ಹಾಕಿ ಉಗಾರಕ್ಕೆ ಹೊರಟ. ರಾಯಬಾಗದಲ್ಲಿ ಬಸ್ಸು ಬದಲಿಸಿ, ಕುಡಚಿ ದಾಟಿ, ಕೃಷ್ಣೆಯ ಸೇತುವೆಯ ಮೇಲೆ ಬರುವಾಗ ಹೊಳೆ ಕೆಂಪಗೆ, ದಂಡೆಯ ಕಬ್ಬಿನವರೆಗೂ ತುಂಬಿ ಹರಿಯುತ್ತಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದ. ಪಾರಿಸನ ಓಣಿಗೆ ಕಾಲಿಡುತ್ತಿದ್ದ ಹಾಗೆ ಜೋಡಿಸಿದ್ದೆಲ್ಲ ಉದುರಿತು.

ಮಾಂಡವ ಬಿಚ್ಚಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಊರ ಹಿರಿಯರು ನಾಲ್ಕಾರು ಮಂದಿ ಗೋಡೆಗೊರಗಿ ಕೂತಿದ್ದರು. ಪಾರಿಸ ಎದ್ದು ಬಂದು ಕೈ ಹಿಡಿದ. ಬಿಳಿಯ ಗಡ್ಡ ಬೆಳೆದಿತ್ತು.

“ಬಾ ರಾಜಾ. ಜ್ವರ ಬಂದಿತ್ತಂತ, ದಾದಾಸಾಹೇಬ ಹೇಳಿದ. ಈಗ ಆರಾಮ?”

“ಜ್ವರ ಬಂದಿರಲಿಲ್ಲ,” ಎಂದ ರಾಜಾರಾಮ. ನಿಂತೇ ಇದ್ದ. “ಪಾರಿಸ, ಕೂಡೂಕಿಂತ ಮದ್ಲ ಒಂದ ಮಾತ ಹೇಳತೀನಿ. ಕೇಳಿದ ಮ್ಯಾಲ ಕೂಡು ಅಂದ್ರ ಕೂಡತೀನಿ. ಪೇಢೆ ಕೇಳಿದಂವ ಆ ಹುಡುಗ ಅಲ್ಲ. ನಾನ. ನನ್ನ ಫೋನಿನ್ಯಾಗ ಕನ್ನಡ ಕಾಣತಿದ್ದಿಲ್ಲ. ಸ್ನೇಹಲನ ಲಗ್ನ ಕೂಡಿತು ಅಂತ ತಿಳದೆ. ಬರೀ ಅದೊಂದಲ್ಲ... ನೀ ಬರದದ್ದು ಯಾವುದೂ ನಾ ಓದಿದ್ದಿಲ್ಲ. ನಿನ್ನೆ ಓದೀನಿ.”

ಪಾರಿಸ ಕೈ ಬಿಡಲಿಲ್ಲ. ಆದರೆ ಆ ಕೈಯೊಳಗಿನ ಹಿಡಿತ ಹೋಯಿತು. ಗೋಡೆಗೊರಗಿದ ಹಿರಿಯರೊಬ್ಬರು ಕೆಮ್ಮಿದರು.

“ಯಾವುದೂ?”

“ಯಾವುದೂ.”

“ಆ ಹೆಬ್ಬೆಟ್ಟು?”

“ತಿಳೀದ ಒತ್ತಿದ್ದು.”

ಪಾರಿಸ ಅಲ್ಲೇ ಕಟ್ಟೆಯ ತುದಿಗೆ ಕೂತ. ಗೋಡೆಗೆ ಹೇಳುವವನ ಹಾಗೆ ಹೇಳಿದ: “ಪೇಢೆ ಅಂತ ಓದಿದಾಗ, ಅವ್ವಗ ಕ್ಷಮಾ ಮಾಡ್ಯಾನ, ನನಗ ಮಾಡಿಲ್ಲ ಅಂತ ತಿಳಕೊಂಡೆ. ನಾನೂ ಬಾಜೂಕ ಕೂತು ಹಿತ್ತಾಳಿ ಲೋಟದಾಗ ಕುಡೀತಿದ್ನಲ್ಲ. ಬರೋಬರಿ ಐತಿ, ಅನ್ಲಿ ಅಂದ್ಕೊಂಡೆ. ದಾದಾಸಾಹೇಬ ಆ ಹುಡುಗನ ಕತಿ ಹೇಳಿದಾಗ ನಾ ನಂಬಲಿಲ್ಲ. ನಂಬಿದಂಗ ಮಾಡಿದೆ, ನಿನ್ನ ಮಾನಾ ಉಳೀಲಿ ಅಂತ.”

ತಾನು ಅರ್ಮಾನನ ತಲೆಯ ಮೇಲೆ ಹೊರಿಸಿದ ಸುಳ್ಳನ್ನು ಪಾರಿಸ ತನಗಾಗಿ ಹೊತ್ತುಕೊಂಡಿದ್ದ. ರಾಜಾರಾಮ, ಕೂಡು ಎನ್ನುವುದನ್ನೂ ಕಾಯದೆ, ಅವನ ಪಕ್ಕ ಕೂತ.

“ಆಕಿಗೆ ಗೊತ್ತಾಗಲಿಲ್ಲ,” ಎಂದ ಪಾರಿಸ. “ಅಷ್ಟ ಛಲೋ ಆತು.” ಆಮೇಲೆ ಮುಖ ತಿರುಗಿಸಿ ಕೇಳಿದ: “ಈಗ ಓದಿದಿಯಲ್ಲ? ಈಗೇನಂತಿ?”

ಅದನ್ನು ಹೇಳಲೆಂದೇ ರಾಜಾರಾಮ ಬಂದಿದ್ದ. ಒಂದು ಮಾತು. ಹಿರಿಯರು ನೋಡುತ್ತಿದ್ದರು, ಒಳಬಾಗಿಲ ಹಿಂದೆ ಬಳೆಯ ಸದ್ದು ನಿಂತಿತ್ತು. ಹೇಳಿಬಿಟ್ಟರೆ ಎಲ್ಲರ ಎದೆ ಹಗುರ. ಆದರೆ ಇಷ್ಟು ದಿನ ಎದುರಿನವರಿಗೆ ಬೇಕಾದದ್ದನ್ನೇ ಒತ್ತಿ ಒತ್ತಿ ಕಳಿಸಿದ ಬೆರಳು ಅವನದು. ಇಲ್ಲಿಯೂ ಅದನ್ನೇ ಮಾಡಲು ನಾಚಿಕೆಯಾಯಿತು.

“ಬಸ್ಸಿನ್ಯಾಗ ಅಂದ ಅಂದ ನೋಡಿದೆ, ಕ್ಷಮಾ ಮಾಡೀನಿ ಅಂತ,” ಎಂದ. “ಬಾಯಿಗೆ ಬರತೈತಿ. ಒಳಗ ಇನ್ನೂ ಬಂದಿಲ್ಲ, ಪಾರಿಸ. ಇಲ್ಲೀತನ ಅದು ನೋವಂತನ ನನಗ ನಾ ಒಪ್ಪಿಕೊಂಡಿದ್ದಿಲ್ಲ. ನಿನ್ನೆ ನನ್ನ ಹೇಣ್ತಿ ಗಟ್ಟಿಯಾಗಿ ಓದಿದಾಗ ತಿಳೀತು.”

ಹಿರಿಯರಲ್ಲಿ ಒಬ್ಬರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಪಾರಿಸ ಬಗ್ಗಿಸಿದ ತಲೆ ಎತ್ತಲಿಲ್ಲ.

“ಬರಲಿ,” ಎಂದ ಕೊನೆಗೆ. “ಬಂದಾಗ ಹೇಳು. ಬರಲಿಲ್ಲಂದ್ರ ನಾನೂ ಕೇಳೂದಿಲ್ಲ. ಆದ್ರ ಬರದು ಕಳಸಬ್ಯಾಡೋ ಮಾರಾಯಾ. ಬಂದು ಹೇಳು.”

“ಒಂದ ಮಾತ ಮಾತ್ರ ಬರೀಬೇಕು. ಆ ಹುಡುಗಂದು.”

“ಬರಿ.”

ಕನ್ನಡದ ಕೀಲಿಮಣೆ ರಾಜಾರಾಮನಿಗೆ ಹೊಸದು. ‘ಅರ್ಮಾನ’ ಎಂದು ಬರೆಯಲು ಅರ್ಕಾವೊತ್ತು ಎಲ್ಲಿದೆ ಎಂದು ಹುಡುಕಿ ಸೋತಾಗ ಪಾರಿಸ ಬೆರಳು ಚಾಚಿ ತೋರಿಸಿದ. ಮತ್ತೇನೂ ತಿದ್ದಲಿಲ್ಲ. ‘ಪೇಢೆ ಕೇಳಿದವನು ನಾನು. ಅರ್ಮಾನ ನನ್ನ ಫೋನು ಮುಟ್ಟಿರಲಿಲ್ಲ. ನನ್ನ ಫೋನಿನಲ್ಲಿ ಕನ್ನಡ ಕಾಣುತ್ತಿರಲಿಲ್ಲ, ಅದನ್ನು ಹೇಳಲು ನಾಚಿ ಸುಳ್ಳು ಹೇಳಿದೆ. ಸುದ್ದಿ ಯಾರ್ಯಾರಿಗೆ ಮುಟ್ಟಿಸಿದ್ದೀರೋ ಅವರಿಗೆಲ್ಲ ಇದನ್ನೂ ಮುಟ್ಟಿಸಿರಿ. ರಾಜಾರಾಮ.’

ಕಳಿಸಿದ. ಫೋನು ಕೆಳಗಿಡುವುದರೊಳಗೆ ಬಾರಿಸತೊಡಗಿತು. ಪರದೆಯ ಮೇಲೆ ದಾದಾಸಾಹೇಬನ ಹೆಸರು. ಎದ್ದು ಹೊರಗೆ ಹೋಗಿ ಮಾತಾಡಬಹುದಿತ್ತು. ಓಣಿಯಲ್ಲಿ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ರಾಜಾರಾಮ ಕೂತಲ್ಲೇ, ಎಲ್ಲರ ಎದುರಿಗೆ ಎತ್ತಿದ.

“ಹೌದಲೇ,” ಎಂದ. “ನಾನ. ಬೈ ಈಗ, ಎಷ್ಟ ಬೈತಿ.”